ಬೆಲ್ಲದ ಗೋಡೌನಿನಲ್ಲಿ ಕಲೆ ಕಲಿಸಿದ್ದು

ಇಂಥ ಪೇಚಾಟಗಳು ಬೇರೆ ಕಡೆ ವರ್ಷಕ್ಕೊಂದು ಆಗುತ್ತವೇನೋ. ನಮ್ಮಲ್ಲಿ ಒಂದು ವಾರ ಏನೂ ಆಗದಿದ್ದರೆ ನನಗೇ ಅನುಮಾನ ಬರುತ್ತದೆ, ಬಾಗಿಲು ತೆಗೆಯೋದು ಮರೆತುಬಿಟ್ಟೆನೇನೋ ಅಂತ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ಸಾಗಿದ್ದವಳು ನಿವೃತ್ತಿಯಾದ ಮೇಲೆ ತೆಪ್ಪಗೆ ಮನೆಯಲ್ಲಿರಬೇಕಿತ್ತು. ಇರಲಿಲ್ಲ. ಮಂಡ್ಯದಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಹಳೇ ಬೆಲ್ಲದ ಗೋಡೌನು ಖಾಲಿ ಬಿದ್ದಿತ್ತು. ಊರಿನವರಿಗೆ ಉಪಯೋಗವಾಗಲಿ ಎಂದು ಮಾಲೀಕರು ಬಿಟ್ಟುಕೊಟ್ಟರು. ನಾವು ನಾಲ್ಕು ಜನ ಸೇರಿ ಸುಣ್ಣ ಹೊಡೆಸಿ, ಫ್ಯಾನು ಹಾಕಿಸಿ, ಬಾಗಿಲ ಮೇಲೆ ‘ಕಲಾಕೇಂದ್ರ’ ಎಂದು ಬರೆಸಿದೆವು. ಉಳಿದ ಮೂವರು ಬುದ್ಧಿವಂತರು, ಸಮಿತಿಯ ಸದಸ್ಯರಾದರು. ಬೀಗದ ಕೈ ನನ್ನ ಹತ್ತಿರ ಉಳಿಯಿತು.

ಇವತ್ತಿಗೂ ಆಗಾಗ ಯಾರಾದರೂ ಒಳಗೆ ಬರುತ್ತಾರೆ. ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ನಿಧಾನವಾಗಿ ಒಂದು ಸುತ್ತು ನೋಡುತ್ತಾರೆ. ನಾನು ಖುಷಿಯಿಂದ ಎದ್ದು ಹೋಗುತ್ತೇನೆ.

“ಅಚ್ಚು ಬೆಲ್ಲ ಇಲ್ವಾ?” ಅನ್ನುತ್ತಾರೆ.

“ಇಲ್ಲ, ಇಲ್ಲೀಗ ಚಿತ್ರ, ನಾಟಕ ಎಲ್ಲ ಕಲಿಸ್ತೀವಿ.”

“ಉಂಡೆ ಬೆಲ್ಲ?”

ಬೋರ್ಡು

ನಮ್ಮ ಮೊದಲ ಕಾರ್ಯಕ್ರಮ, ಕವಿತೆ ಬರೆಯುವವರಿಗಾಗಿ ಎರಡು ದಿನದ ಕಾವ್ಯ ಕಮ್ಮಟ. ಬ್ಯಾನರು ಮಾಡಿಸಲು ಫ್ಲೆಕ್ಸ್ ಅಂಗಡಿಯವನಿಗೆ ನಾನೇ ಡ್ರಾಯಿಂಗ್ ಮಿಸ್ಸಿನ ದುಂಡಕ್ಷರದಲ್ಲಿ ಬರೆದು ಕೊಟ್ಟಿದ್ದೆ. ಕಾರ್ಯಕ್ರಮದ ದಿನ ಬೆಳಿಗ್ಗೆ ಹೋಗಿ ನೋಡಿದರೆ ಬಾಗಿಲ ಮೇಲೆ ಹತ್ತಡಿ ಉದ್ದಕ್ಕೆ ‘ಕಾವ್ಯ ಕಮಟು, ಸರ್ವರಿಗೂ ಸ್ವಾಗತ’ ಎಂದು ತೂಗುತ್ತಿದೆ.

ಫೋನು ಮಾಡಿದೆ. “ನಾನು ಬರೆದುಕೊಟ್ಟಿದ್ದು ಕಮ್ಮಟ ಅಂತ ಕಣಪ್ಪ.”

“ಊಂ ಮೇಡಂ, ನೋಡ್ದೆ. ಅಂಗಂತ ಪದಾನೇ ಇಲ್ವಲ್ಲ. ಮಿಸ್ಸು ಅರ್ಜೆಂಟಲ್ಲಿ ತಪ್ಪು ಬರ್ದವ್ರೆ ಅಂತ ನಾನೇ ಸರಿ ಮಾಡ್ದೆ.”

“ಇದೆ. ಕಮ್ಮಟ ಅಂದ್ರೆ ಜನ ಸೇರಿ ಏನಾದರೂ ಕಲಿಯೋ ಕಡೆ.”

“ಅಂಗಾ. ನಾನು ಉಟ್ಟಿದಾಗಿಂದ ಕೇಳಿಲ್ಲ.”

“ಕಮಟು ಅಂದ್ರೆ ಏನು ಗೊತ್ತಾ ನಿನಗೆ?”

“ಗೊತ್ತು ಮೇಡಂ. ಕೊಬ್ರಿ ಅಳೇದಾದ್ರೆ ಬತ್ತದಲ್ಲ, ಆ ವಾಸ್ನೆ.”

“ಅದನ್ನ ಕಾವ್ಯದ ಪಕ್ಕ ಹಾಕಿದೀಯಲ್ಲ.”

“ನಂಗೂ ವಸಿ ಅನ್ನುಸ್ತು. ಆದ್ರೆ ನೀವು ಓದಿರೋರು, ಏನೋ ಅರ್ಥ ಇಟ್ಕಂಡಿರ್ತೀರಿ ಅನ್ಕಂಡು ಸುಮ್ಕಾದೆ.”

ಬ್ಯಾನರು ಇಳಿಸಲು ಏಣಿ ಸಿಗುವಷ್ಟರಲ್ಲಿ ಕವಿಗಳು ಬಂದುಬಿಟ್ಟರು. ಇಪ್ಪತ್ತೆಂಟು ಜನ ಅದರ ಕೆಳಗೆ ನಿಂತು ಗ್ರೂಪ್ ಫೋಟೋ ತೆಗೆಸಿಕೊಂಡರು. ಉದ್ಘಾಟನೆಗೆ ಬಂದಿದ್ದ ಹಿರಿಯರೊಬ್ಬರು ಮಾತ್ರ ತಲೆಯೆತ್ತಿ ಓದಿ, ನನ್ನ ಕಡೆ ಒಂದು ಸಲ ನೋಡಿ ಒಳಗೆ ಹೋದರು.

ಸಂಜೆ ಅಂಗಡಿಯವನು ಖುದ್ದಾಗಿ ಬಂದ. ಪಾಪ, ಮುಖ ಸಪ್ಪಗಿತ್ತು. “ಬೇಜಾರ್ ಮಾಡ್ಕಬ್ಯಾಡಿ ಮೇಡಂ, ನಾಳಿಕ್ಕೆ ಬ್ಯಾರೆ ಆಕ್ಕೊಡ್ತೀನಿ” ಅಂದ. ಹೊರಟವನು ಬಾಗಿಲಲ್ಲಿ ನಿಂತು ಕೇಳಿದ: “ಕಮಟು ಬ್ಯಾಡ ಅಂದ್ರೆ ಗಮಗಮ ಅಂತ ಆಕ್ಲಾ?”

ಅಂದಾಜಿನ ಅಳು

ನಾಟಕದ ಶಿಬಿರಕ್ಕೆ ಹೊರಗಿನಿಂದ ಒಬ್ಬ ನಿರ್ದೇಶಕನನ್ನು ಕರೆಸಿದ್ದೆವು. ಗಡ್ಡ ಬಿಟ್ಟ ಹುಡುಗ, ಒಳ್ಳೆಯವನು. ಅಭಿನಯ ಅನ್ನೋದು ಒಳಗಿನಿಂದ ಬರಬೇಕು ಎಂದು ನಂಬಿದ್ದ. ಮೊದಲ ದಿನ ಎಲ್ಲರ ಒಳಗಿಂದ ನಗು ಬರಿಸಿದ, ಎರಡನೇ ದಿನ ಕೋಪ ಬರಿಸಿದ. ಮೂರನೇ ದಿನ ಮಧ್ಯಾಹ್ನ ದುಃಖ.

ಹನ್ನೆರಡು ಜನ ಚಾಪೆಯ ಮೇಲೆ ಅಂಗಾತ ಮಲಗಿದ್ದರು. “ಎದೆಯೊಳಗೆ ಇಟ್ಕೊಂಡಿರೋದನ್ನೆಲ್ಲ ಹೊರಗೆ ಬಿಡಿ, ತಡೀಬೇಡಿ” ಅಂದ ನಿರ್ದೇಶಕ. ಐದು ನಿಮಿಷ ಬರೀ ಮುಸಿಮುಸಿ. ಆಮೇಲೆ ದುದ್ದದಿಂದ ಬರುತ್ತಿದ್ದ ಬಸ್ ಕಂಡಕ್ಟರ್ ಒಬ್ಬರಿಗೆ ಏನು ನೆನಪಾಯಿತೋ, ಸೂರು ಹಾರುವ ಹಾಗೆ “ಅಯ್ಯಯ್ಯೋ” ಎಂದು ಶುರು ಮಾಡಿದರು. ಅವರನ್ನು ನೋಡಿ ಉಳಿದವರಿಗೂ ಧೈರ್ಯ ಬಂತು. ಗೋಡೌನು ನೋಡಿ, ಒಂದು ದನಿ ನಾಲ್ಕಾಗಿ ಕೇಳುತ್ತದೆ.

ನಾನು ಬಾಗಿಲ ಹತ್ತಿರ ಹಾಜರಿ ಬರೆಯುತ್ತಿದ್ದೆ. ಎದುರು ಮನೆಯಾಕೆ ತಲೆಗೂದಲು ಬಿಚ್ಚಿಕೊಂಡು ಓಡಿ ಬಂದರು. ಹಿಂದೆ ಇನ್ನು ಮೂವರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೆ ಒಬ್ಬರ ಕೈಯಲ್ಲಿ ಕಾಫಿ ಫ್ಲಾಸ್ಕು ಬೇರೆ. ನಾನು ಏಳುವಷ್ಟರಲ್ಲಿ ಎದುರು ಮನೆಯಾಕೆ ಒಳಗೆ ಹೋಗಿ, ನೆಲದ ಮೇಲೆ ಹೊರಳಾಡುತ್ತಿದ್ದವರ ಮಧ್ಯೆ ಧೊಪ್ಪನೆ ಕೂತು, ಎದೆ ಎದೆ ಬಡಿದುಕೊಂಡು ಹಾಡಿ ಹಾಡಿ ಅಳತೊಡಗಿದರು. ನಮ್ಮನ್ನೆಲ್ಲ ಬಿಟ್ಟು ಓದ್ಯಲ್ಲಪ್ಪ, ಇನ್ಯಾರ ಮಕ ನೋಡಾನ, ಅಂತ ಒಂದರ ಹಿಂದೊಂದು. ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ, ಎಲ್ಲಿ ಉಸಿರು ನುಂಗಬೇಕೋ ಅಲ್ಲಿ ನುಂಗಿ. ಶಿಬಿರದವರು ಒಬ್ಬೊಬ್ಬರಾಗಿ ಅಳು ನಿಲ್ಲಿಸಿ ಎದ್ದು ಕೂತರು. ಕಂಡಕ್ಟರ್ ಕೂಡ ಬಾಯಿ ಬಿಟ್ಟು ನೋಡುತ್ತಿದ್ದರು. ನಿರ್ದೇಶಕನ ಕಣ್ಣಲ್ಲಿ ನಿಜವಾದ ನೀರು.

ಆಕೆ ಒಂದು ಸುತ್ತು ಮುಗಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನು ಕೇಳಿದರು: “ಯಾರು ತೀರ್ಕಂಡೋರು?”

“ಯಾರೂ ಇಲ್ಲ ಕಣಮ್ಮ. ನಾಟಕದ ಪಾಠ ನಡೀತಿದೆ.”

ಆಕೆ ಸುತ್ತ ಕೂತಿದ್ದವರನ್ನೆಲ್ಲ ಒಂದು ಸಲ ನೋಡಿದರು. “ಯಾರೂ ಸಾಯ್ದೆ ಇಷ್ಟೊಂದು ಜನ ಅಳ್ತಾವ್ರಾ? ಮನೇಲಿ ಮಾಡಕ್ಕೆ ಏನೂ ಗೇಮೆ ಇಲ್ವಾ ಇವ್ರಿಗೆ?”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿರ್ದೇಶಕ ಮಾತ್ರ ಕೈಮುಗಿದುಕೊಂಡು ಆಕೆಯ ಮುಂದೆ ಕೂತಿದ್ದ. “ಅಮ್ಮಾ, ನಾಳೆ ಬಂದು ಇವರಿಗೆಲ್ಲ ಒಂದು ಗಂಟೆ ಹೇಳಿಕೊಡಬೇಕು ನೀವು” ಎಂದು ಗೋಗರೆದ.

ಆಕೆ ಯೋಚಿಸಿ ಒಪ್ಪಿಕೊಂಡರು. “ಬತ್ತೀನಿ ಬುಡು. ಆದ್ರೆ ಯಾರು ಓದ್ರು ಅಂತ ಮೊದ್ಲೇ ಏಳ್ಬೇಕು ನೀನು. ಎಸ್ರು ಗೊತ್ತಿಲ್ದೆ ಸರ್ಯಾಗಿ ಅಳಕ್ಕೆ ಬರಕ್ಕಿಲ್ಲ ನಂಗೆ. ಇವತ್ತು ಅತ್ತಿದ್ದು ಬರೀ ಅಂದಾಜ್ನಲ್ಲಿ.”

ಗುಜರಿ ನವಿಲು

ಪಕ್ಕದ ರಸ್ತೆಯಲ್ಲಿ ಒಂದು ಗ್ಯಾರೇಜಿದೆ. ಅದರ ಮೆಕ್ಯಾನಿಕ್‌ನನ್ನು ಎಲ್ಲರೂ ಭಾಯಿ ಅನ್ನುತ್ತಾರೆ. ಹಳೇ ಕಬ್ಬಿಣದಲ್ಲಿ ಶಿಲ್ಪ ಮಾಡುವ ಶಿಬಿರಕ್ಕೆ ಭಾಯಿ ತನ್ನ ಗ್ಯಾರೇಜಿನ ಹಿಂದೆ ಬಿದ್ದಿದ್ದ ಗುಜರಿಯನ್ನೆಲ್ಲ ಧಾರಾಳವಾಗಿ ಕೊಟ್ಟರು, ನಾಲ್ಕು ದಿನ ಕೂತು ವೆಲ್ಡಿಂಗೂ ಮಾಡಿಕೊಟ್ಟರು. ಶಿಬಿರದ ಹುಡುಗಿಯರು ಅದರಲ್ಲಿ ಮಾಡಿದ ನವಿಲು ಎಷ್ಟು ಚೆನ್ನಾಗಿ ಬಂತೆಂದರೆ ಬಾಗಿಲಲ್ಲೇ ನಿಲ್ಲಿಸಿದೆವು. ಮದ್ದೂರಿನಿಂದ ಬಂದವರೊಬ್ಬರು ಅದರ ಮುಂದೆ ನಿಂತು ಮಗುವಿನ ನಾಮಕರಣದ ಫೋಟೋ ತೆಗೆಸಿಕೊಂಡು ಹೋದರು.

ಹದಿನೈದು ದಿನಕ್ಕೆ ಭಾಯಿ ಸ್ಪ್ಯಾನರ್ ಹಿಡಿದು ಬಂದರು. “ಮೇಡಂ, ಒಂದು ಗಿರಾಕಿ ಹಳೇ ಮೊಪೆಡ್ ತಂದವ್ರೆ. ಅದರ ಚೈನು ಈಗ ಎಲ್ಲೂ ಸಿಗಲ್ಲ. ನವಿಲಿನ ಕುತ್ತಿಗೇಲಿ ಒಂದು ಐತೆ.”

“ಕುತ್ತಿಗೆ ತೆಗೆದರೆ ಹೇಗೆ ಭಾಯಿ?”

“ಕತ್ತು ತೆಗಿಯಲ್ಲ, ಗಿಡ್ಡ ಮಾಡ್ತೀನಿ. ಆ ಮನುಷ್ಯ ದಿನಾ ಡೈರಿಗೆ ಹಾಲು ಹಾಕೋನು, ಗಾಡಿ ಇಲ್ದೆ ಕಷ್ಟ.”

ಹಾಲಿನ ಮುಂದೆ ಕಲೆಯ ಮಾತು ಆಡುವುದು ಹೇಗೆ. ಸರಿ ಅಂದೆ. ಮುಂದಿನ ತಿಂಗಳು ಕ್ಲಚ್ ಪ್ಲೇಟು ಬೇಕಾಯಿತು, ಎದೆ ಹೋಯಿತು. ಆಮೇಲೆ ಮಳೆ ಶುರುವಾಗಿ ಎಲ್ಲರ ಗಾಡಿಯೂ ಒಟ್ಟಿಗೆ ಕೆಟ್ಟವು. ಗರಿಗೆ ಹಾಕಿದ್ದ ಚಕ್ರದ ಕಡ್ಡಿ ಒಂದೊಂದಾಗಿ ಹೋಗಿ ಬಾಲ ಪೂರಾ ಉದುರಿತು. ಶಿಬಿರದ ಹುಡುಗಿಯರು ಬಂದು ನೋಡಿ ನನ್ನ ಮೇಲೆ ರೇಗಿದರು. ನಾನು ಹೋಗಿ ಭಾಯಿಯ ಮೇಲೆ ರೇಗಿದೆ.

ಭಾಯಿಗೆ ನಿಜವಾಗಿಯೂ ಬೇಸರವಾಯಿತು. ನನ್ನ ಜೊತೆ ಬಂದು ನವಿಲನ್ನು ಒಂದು ಸುತ್ತು ನೋಡಿದರು. “ಒಂದು ಕೆಲಸ ಮಾಡಿ ಮೇಡಂ” ಅಂದರು. “ಸದ್ಯಕ್ಕೆ ನವಿಲು ಅಂತಿರೋ ಬೋರ್ಡ್‌ನಲ್ಲಿ ಕೋಳಿ ಅಂತ ಬರೆಸ್ಬುಡಿ. ಇನ್ನೆರಡು ಗಿರಾಕಿ ಬಂದ್ಮೇಲೆ ಮೊಟ್ಟೆ ಅಂತ ಮಾಡಾನ.”

ಮಾತಿಲ್ಲದ ಮಗು

ಇದು ಚಿಕ್ಕದು. ಬೇಸಿಗೆಯಲ್ಲಿ ಮಕ್ಕಳಿಗೆ ಮೂಕಾಭಿನಯದ ಶಿಬಿರ ಇತ್ತು. ಕೊಪ್ಪದಿಂದ ಬರುತ್ತಿದ್ದ ಒಂದು ಹೆಣ್ಣುಮಗು ಇತ್ತು, ಉಸಿರು ತೆಗೆದುಕೊಳ್ಳಲೂ ಮಾತು ನಿಲ್ಲಿಸುತ್ತಿರಲಿಲ್ಲ. ಶಿಬಿರ ಮುಗಿದು ಎರಡು ದಿನಕ್ಕೆ ಅದರ ತಾಯಿ ಒಬ್ಬರೇ ಬಂದು ಗಂಭೀರವಾಗಿ ಎದುರಿಗೆ ಕೂತರು.

“ಮಿಸ್, ಮಗು ಎರಡು ದಿನದಿಂದ ಬಾಯೇ ಬುಡ್ತಿಲ್ಲ. ಊಟ ಬೇಕಾ ಅಂದ್ರೆ ಕೈಯಲ್ಲಿ ಏಳ್ತದೆ. ನೀರು ಬೇಕು ಅಂದ್ರೂ ಕೈಯಲ್ಲೇ.”

ನನಗೆ ಗಾಬರಿಯಾಯಿತು. ತಪ್ಪಾಯಿತು ಅಂದೆ, ಕಲಿಸಿದವರ ಹತ್ತಿರ ಮಾತಾಡುತ್ತೇನೆ ಅಂದೆ, ಇನ್ನೆರಡು ದಿನದಲ್ಲಿ ಸರಿಹೋಗುತ್ತದೆ ಅಂದೆ.

“ಅಯ್ಯೋ, ಅದಕ್ಕಲ್ಲ ಬಂದಿದ್ದು” ಅಂದರು ಆಕೆ, ಕುರ್ಚಿ ಹತ್ತಿರ ಎಳೆದುಕೊಂಡು. “ನಮ್ಮನೆಯವ್ರುನ್ನೂ ಸೇರುಸ್ಕತೀರಾ?”

ಟಗರಿಗೆ ದಿಷ್ಟಿ

ಪ್ರಾಣಿಗಳ ಚಿತ್ರ ಬರೆಯುವ ಮೂರು ದಿನದ ಶಿಬಿರಕ್ಕೆ ಮೈಸೂರಿನಿಂದ ಒಬ್ಬ ಕಲಾವಿದರು ಬಂದಿದ್ದರು. ಫೋಟೋ ನೋಡಿ ಬರೆಯುವುದು ಅವರಿಗೆ ಆಗದು, ಜೀವ ಇರುವ ಪ್ರಾಣಿಯೇ ಎದುರಿಗೆ ನಿಲ್ಲಬೇಕು ಅಂದರು. ಮಳವಳ್ಳಿ ಕಡೆಯ ಶಿಬಿರಾರ್ಥಿಯೊಬ್ಬಳು, “ಬಂಡೂರಲ್ಲಿ ನಮ್ಮ ಮಾವ ಟಗರು ಸಾಕವ್ರೆ” ಅಂದಳು. ನಾನು ಹೂಂ ಅಂದೆ. ಅಷ್ಟೇ ನಾನು ಮಾಡಿದ ತಪ್ಪು.

ಮಾವ ಗೂಡ್ಸ್ ಆಟೋದಲ್ಲಿ, ಹಿಂದುಗಡೆ, ಟಗರಿನ ಕತ್ತು ತಬ್ಬಿಕೊಂಡು ಬಂದಿಳಿದರು. ಟಗರಿಗೆ ಮೈ ತೊಳೆದು, ಹಣೆಗೆ ಅರಿಶಿನ ಹಚ್ಚಿ, ಗಂಟೆ ಕಟ್ಟಿದ್ದರು. ಮರಿಯಾಗಿದ್ದಾಗ ತಾಯಿ ಸತ್ತು, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಂತೆ. ಸುತ್ತ ಏಳು ಹಳ್ಳಿಯಲ್ಲಿ ಅಂಥದ್ದಿಲ್ಲವಂತೆ. ಮಧ್ಯದಲ್ಲಿ ಟಗರು, ಸುತ್ತ ಇಪ್ಪತ್ತು ಜನ, ಟಗರಿನ ಪಕ್ಕ ಕುರ್ಚಿಯಲ್ಲಿ ಮಾವ.

ಮಾವ ಅರ್ಧ ಗಂಟೆ ಕೂತಿದ್ದು, ಆಮೇಲೆ ಎದ್ದು ಒಬ್ಬೊಬ್ಬರ ಹಾಳೆ ನೋಡುತ್ತ ಬಂದರು. “ಇದೇನವ್ವ, ಕಾಲು ಇಷ್ಟುದ್ದ? ಬಂಡೂರು ಕುರಿ ಕಾಲು ಗಿಡ್ಡಕಿರ್ಬೇಕು. ಇದು ಯಾವ್ದೋ ಮೇಕೆ.” ಆ ಹುಡುಗಿ ಅಳಿಸಿದಳು. “ಇದ್ರ ಒಟ್ಟೆ ಎಲ್ಲಿ ಓಯ್ತು? ನಾನೇನು ಮೇವು ಆಕಕ್ಕಿಲ್ವಾ?” ಪಕ್ಕದ ಹುಡುಗನೂ ಅಳಿಸಿದ. ಕಲಾವಿದರು ತಾಳ್ಮೆಯಿಂದ, “ಅವರಿಗೆ ಕಂಡಿದ್ದನ್ನ ಅವರು ಬರೀಲಿ” ಅಂದರು. “ಕಣ್ಮುಂದೆ ನಿಂತೈತಲ್ಲ ಸಾಮಿ, ಕಾಣಕ್ಕೇನಾಗೈತೆ?” ಅಂದರು ಮಾವ. ಮೂರು ದಿನವೂ ಇದೇ. ಕೊನೆಗೆ ಇಪ್ಪತ್ತು ಹಾಳೆಯ ಮೇಲೂ ಒಂದೊಂದು ರಾಗಿ ಮೂಟೆ, ಕೆಳಗೆ ನಾಲ್ಕು ಗೂಟ. ಮಾವನಿಗೆ ತೃಪ್ತಿಯಾಯಿತು. ಕಲಾವಿದರು ಸಮಾರೋಪಕ್ಕೆ ನಿಲ್ಲದೆ ಹೊರಟುಹೋದರು.

ಎರಡು ದಿನ ಬಿಟ್ಟು ಬೆಳಿಗ್ಗೆ ಆರಕ್ಕೆ ಫೋನು. “ಮೇಡಮ್ಮೋರೆ, ಟಗರು ಮೇವು ಮುಟ್ತಿಲ್ಲ.” ಬಂಡೂರಿನ ಮಾವ.

“ಡಾಕ್ಟರಿಗೆ ತೋರಿಸಿದ್ರಾ?”

“ತೋರುಸ್ದೆ. ಏನೂ ಇಲ್ಲ ಅಂದ್ರು. ಇದು ದಿಷ್ಟಿ ಕಣವ್ವ. ಇಪ್ಪತ್ತು ಜನ ಮೂರು ದಿನ ಬುಡದಂಗೆ ನೋಡವ್ರೆ. ನೆಟ್ಗೆ ನೋಡಿದ್ರೂ ಸರಿ. ಒಂದು ಕಣ್ಣು ಮುಚ್ಕಂಡು, ಪೆನ್ಸಿಲ್ಲು ಮುಂದಕ್ಕೆ ಇಡ್ಕಂಡು, ಅಳತೆ ತಗದು ತಗದು ನೋಡುದ್ರು. ಅಂಗೆ ಯಾರಾದ್ರೂ ಒಂದು ಜೀವಾನ ನೋಡ್ತಾರಾ?”

ಈಗೇನು ಮಾಡಬೇಕು ಎಂದು ಕೇಳಿದೆ. ದೃಷ್ಟಿ ತೆಗೆಯಲು ನೋಡಿದವರೆಲ್ಲರ ಪಾದದ ಧೂಳು ಬೇಕು ಅಂದರು. ಒಂದು ಕವರಿನಲ್ಲಿ ತಂದುಕೊಡುತ್ತೇನೆ ಅಂದೆ. “ಕವರ್‌ನಲ್ಲಿ ತಂದ್ರೆ ಯಾರ್ದು ಬಂತು, ಯಾರ್ದು ಬರ್ನಿಲ್ಲ ಅಂತ ಎಂಗೆ ಗೊತ್ತಾಯ್ತದೆ? ಜನಾನೇ ಬರ್ಲಿ.”

ಇಪ್ಪತ್ತು ಜನಕ್ಕೂ ಫೋನು ಮಾಡಿದೆ. ಒಬ್ಬರಿಗೆ ಮದುವೆ, ಒಬ್ಬರಿಗೆ ಜ್ವರ, ಒಬ್ಬರಿಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ. ಸರ್ಟಿಫಿಕೇಟಿಗೆ ನಾನಿನ್ನೂ ಸಹಿ ಹಾಕಿಲ್ಲ ಅಂದೆ. ಭಾನುವಾರ ಇಪ್ಪತ್ತೂ ಜನ ಬಂದರು. ಕಲಾವಿದರನ್ನು ಮೈಸೂರಿನಿಂದ ಕರೆಸಲು ಅರ್ಧ ಗಂಟೆ ಬೇಡಿಕೊಳ್ಳಬೇಕಾಯಿತು. ಮಳವಳ್ಳಿಗೆ ಬಸ್ಸು, ಅಲ್ಲಿಂದ ಬಂಡೂರಿಗೆ ಮೂರು ಆಟೋ.

ಬಂಡೂರಿನವರೆಲ್ಲ ಜಗಲಿಯ ಮೇಲೆ ನಿಂತು ನಮ್ಮನ್ನು ನೋಡುತ್ತಿದ್ದರು. ಕೊಟ್ಟಿಗೆಯ ಮುಂದೆ ಸಾಲಾಗಿ ಚಪ್ಪಲಿ ಬಿಟ್ಟು ಒಂದೊಂದು ಕಾಲೆತ್ತಿ ನಿಂತೆವು. ಮಾವನ ತಾಯಿ ಬಗ್ಗಿ ಬಗ್ಗಿ ಎಲ್ಲರ ಕಾಲಡಿಯ ಧೂಳು ತೆಗೆದುಕೊಳ್ಳುತ್ತ ಬಂದರು. ಕಲಾವಿದರ ಹತ್ತಿರ ನಿಂತು, “ಕಲಿಸ್ದೋನು ಇವ್ನೇಯಾ?” ಎಂದು ಕೇಳಿ, ಅವರದ್ದು ಮಾತ್ರ ಎರಡು ಚಿಟಿಕೆ ತೆಗೆದುಕೊಂಡರು. ಉಪ್ಪು, ಹಿಡಿ ತುಂಬ ಒಣಮೆಣಸಿನಕಾಯಿ ಸೇರಿಸಿ, ಟಗರಿಗೆ ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕಿದರು. ದೃಷ್ಟಿ ಆಗಿದ್ದರೆ ಎಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ, ಅದೇ ಗುರುತು.

ಒಂದು ಕ್ಷಣ ಏನೂ ಇಲ್ಲ. ಮಾವ ನಮ್ಮ ಕಡೆ ನೋಡಿ, ‘ನಾನು ಹೇಳಲಿಲ್ಲವಾ’ ಎನ್ನುವಂತೆ ತಲೆಯಾಡಿಸಿದರು.

ಆಮೇಲೆ ಬಂತು ನೋಡಿ. ಮೊದಲು ಹುಡುಗಿಯರು ಕೆಮ್ಮಿದರು, ಆಮೇಲೆ ಎಲ್ಲರೂ. ನಂಬಿಕೆ ಇಲ್ಲದವನು ಗೋಡೆ ಹಿಡಿದುಕೊಂಡು ಬಗ್ಗಿಬಿಟ್ಟ. ಜಗಲಿಯ ಮೇಲಿದ್ದವರು ಮನೆಯೊಳಗೆ ಓಡಿದರು. ಟಗರು ಎರಡು ಸಲ ಸೀನಿ, ಹಗ್ಗ ಕಿತ್ತುಕೊಂಡು ಹೋಗಿ, ನಮಗೆಲ್ಲ ಬೆನ್ನು ತಿರುಗಿಸಿ ನಿಂತು ಹುರುಳಿ ಸೊಪ್ಪಿಗೆ ಬಾಯಿ ಹಾಕಿತು.

“ತಿಂತಾ ಇದೆ ನೋಡಿ” ಅಂದೆ ನಾನು, ಕೆಮ್ಮಿನ ನಡುವೆ. “ಇನ್ನು ನಾವು ಹೊರಡಬಹುದಾ?”

ಮಾವ ಟಗರಿನ ಕಡೆ ನೋಡಲಿಲ್ಲ. ಕೆಂಡ ನೋಡಿದರು, ಕಣ್ಣು ಮೂಗು ಸುರಿಸಿಕೊಂಡು ನಿಂತಿದ್ದ ನಮ್ಮನ್ನು ನೋಡಿದರು. “ಇಷ್ಟು ಗಾಟು ಬಂತು ಅಂದ್ಮೇಲೆ ದಿಷ್ಟೀನೇ ಆಗಿಲ್ಲ ಕಣವ್ವ.”

“ಒಳ್ಳೇದೇ ಆಯ್ತಲ್ಲ.”

“ಏನ್ ಒಳ್ಳೇದು?” ಅಂದರು, ಬಹಳ ನೊಂದುಕೊಂಡು. “ಇಪ್ಪತ್ತು ಜನ ಮೂರು ದಿನ ಸುತ್ತ ಕುಂತ್ಕಂಡು, ಒಬ್ರಾದ್ರೂ ನನ್ ಟಗರ ಸರ್ಯಾಗಿ ನೋಡ್ಲೇ ಇಲ್ಲ ಅಂತಾಯ್ತು.”

ಕಲಾವಿದರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಒಂದು ಸಲ ಜೋರಾಗಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೇಳಿದರು: “ಅದು ಚಿತ್ರಗಳನ್ನ ನೋಡಿದಾಗಲೇ ನನಗೆ ಗೊತ್ತಾಗಿತ್ತು.”