ನಿಮಿಷಕ್ಕೆ ಏಳು ಹನಿ

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಚೊಂಬು ಹಿಡಿದು ಎರಡು ನಿಮಿಷದಲ್ಲಿ ಮುಗಿಸಬಹುದಾದ ಕೆಲಸಕ್ಕೂ ಅವರು ಒಂದು ತತ್ವ ಹುಡುಕುತ್ತಾರೆ. ನನಗೆ ಈ ಕಾಯಿಲೆ ಇರುವುದು ಮನೆಯವರಿಗೆಲ್ಲ ಗೊತ್ತು. ಒಮ್ಮೆ ಹಾಲು ಉಕ್ಕುವ ಮೊದಲೇ ಗಂಟೆ ಹೊಡೆಯುವಂತೆ ಒಂದು ಉಪಕರಣ ಮಾಡಿದ್ದೆ. ಗಂಟೆ ಚೆನ್ನಾಗಿಯೇ ಹೊಡೆಯಿತು. ಅದು ಹೇಗೆ ಹೊಡೆಯುತ್ತದೆ ಎಂದು ನಾನು ಹೆಂಡತಿಗೆ ವಿವರಿಸುತ್ತಿದ್ದಾಗ ಹಾಲು ಉಕ್ಕಿಹೋಯಿತು. ಅಂದಿನಿಂದ ಅಡುಗೆಮನೆಗೆ ನನ್ನ ಪ್ರವೇಶ ಊಟಕ್ಕಷ್ಟೇ ಸೀಮಿತವಾಗಿದೆ.

ನಾವಿರುವುದು ಚಾಮರಾಜನಗರದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ. ಕೆಳಗೆ ಮನೆಯ ಒಡತಿ ಶಮೀಮ್ ಆಪಾ ಇದ್ದಾರೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಾರೆ. ಮಹಡಿಯ ಬಾಗಿಲ ಮುಂದೆ ಬಿಸಿಲುಮಚ್ಚಿನಲ್ಲಿ ನನ್ನ ಹೆಂಡತಿ ನಾಗರತ್ನಳ ಇಪ್ಪತ್ತಾರು ಕುಂಡಗಳಿವೆ. ಗಿಡ ಸಾಕುವುದೆಲ್ಲ ಅವಳ ಪಾಲು, ಗಿಡಗಳ ಬಗ್ಗೆ ಅಭಿಪ್ರಾಯ ಹೇಳುವುದು ನನ್ನ ಪಾಲು. ಈ ಏರ್ಪಾಡು ಬಹಳ ವರ್ಷ ಸುಸೂತ್ರವಾಗಿ ನಡೆದಿತ್ತು. ಆ ವರ್ಷ ಮಾರ್ಚ್ ಕೊನೆಯಲ್ಲಿ ಬೇಗೂರಿನಲ್ಲಿರುವ ಅವಳ ತಂಗಿಗೆ ಹೆರಿಗೆಯಾಯಿತು. ಬಾಣಂತನಕ್ಕೆಂದು ನಾಗರತ್ನ ಒಂದೂವರೆ ತಿಂಗಳು ಹೊರಟುನಿಂತಳು. ಹೊರಡುವಾಗ ನನ್ನ ಊಟದ ಬಗ್ಗೆ ಒಂದು ಮಾತು, ಕುಂಡಗಳ ಬಗ್ಗೆ ಅರ್ಧ ಗಂಟೆ ಮಾತಾಡಿದಳು. ಪ್ರತಿದಿನ ಸಂಜೆ ಫೋನು ಬರುತ್ತಿತ್ತು. ಮೊದಲು ಕನಕಾಂಬರ ಹೇಗಿದೆ, ಆಮೇಲೆ ದಾಸವಾಳ, ಆಮೇಲೆ ಕರಿಬೇವು. ನನ್ನ ಸರದಿ ಪುದೀನ ಆದಮೇಲೆ.

ಎರಡು ವಾರ ನಾನು ದಿನವೂ ನೀರು ಹಾಕಿದೆ. ಅಷ್ಟರಲ್ಲಿ ಮೈಸೂರಿನಲ್ಲಿ ಹತ್ತು ದಿನ ಹತ್ತನೇ ತರಗತಿಯ ಉತ್ತರ ಪತ್ರಿಕೆ ತಿದ್ದುವ ಆದೇಶ ಬಂತು. ದಿನಾ ಓಡಾಡುವುದು ಆಗದ ಮಾತು, ಅಲ್ಲೇ ಉಳಿಯಬೇಕು. ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ನೀರು ತಪ್ಪಿದರೆ ಕುಂಡದ ಮಣ್ಣು ಇಟ್ಟಿಗೆಯಾಗುತ್ತದೆ.

"ಆಪಾಗೆ ಒಂದು ಮಾತು ಹೇಳಿ ಹೋಗ್ರಿ," ಎಂದಳು ನಾಗರತ್ನ ಫೋನಿನಲ್ಲಿ.

"ರಂಜಾನ್ ಉಪವಾಸದಲ್ಲಿರೋರಿಗೆ ಯಾಕೆ ತೊಂದರೆ? ನಾನೇ ಒಂದು ವ್ಯವಸ್ಥೆ ಮಾಡ್ತೀನಿ."

"ವ್ಯವಸ್ಥೆ ಅಂದ್ರೆ ಏನ್ರಿ?" ಎಂದು ಕೇಳಿದಳು. ಉಪವಾಸದ ಮಾತು ಬರಿಯ ನೆಪವಾಗಿತ್ತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಇಷ್ಟು ಸಣ್ಣ ಸಮಸ್ಯೆಗೆ ವಿಜ್ಞಾನದ ಮೇಷ್ಟ್ರು ಇನ್ನೊಬ್ಬರ ಮನೆ ಬಾಗಿಲು ತಟ್ಟುವುದು ನನಗೆ ಅವಮಾನ ಅನ್ನಿಸಿತ್ತು.

ಮೆಡಿಕಲ್ ಸ್ಟೋರಿಗೆ ಹೋಗಿ ರೋಗಿಗಳಿಗೆ ಗ್ಲೂಕೋಸ್ ಏರಿಸುವ ಪೈಪುಗಳನ್ನು ಇಪ್ಪತ್ತಾರು ಕೇಳಿದೆ. ಅಂಗಡಿಯವನು ಕನಿಕರದಿಂದ, "ಮನೇಲಿ ಯಾರಿಗೆ ಸಾರ್?" ಎಂದ. "ಕನಕಾಂಬರಕ್ಕೆ" ಎಂದೆ. ಆ ಹೆಸರಿನ ಯಾವುದೋ ಹೆಂಗಸು ಎಂದುಕೊಂಡಿರಬೇಕು, ಬೇಗ ಹುಷಾರಾಗಲಿ ಎಂದ. ಇನ್ನೂರು ಲೀಟರಿನ ನೀಲಿ ಡ್ರಮ್ಮೊಂದನ್ನು ತಂದು ಕಲ್ಲಿನ ಮೇಲೆ ಎತ್ತರಕ್ಕೆ ಕೂರಿಸಿದೆ. ಬುಡದ ಸುತ್ತ ಕಾದ ಮೊಳೆಯಿಂದ ತೂತು ಮಾಡಿ, ಪೈಪು ತೂರಿಸಿ, ಅಂಟು ಮೆತ್ತಿದೆ. ಆ ಪೈಪುಗಳಲ್ಲಿ ಹನಿಯನ್ನು ಹೆಚ್ಚುಕಡಿಮೆ ಮಾಡುವ ಒಂದು ಪುಟ್ಟ ಚಕ್ರವಿರುತ್ತದೆ. ನಿಮಿಷಕ್ಕೆ ಏಳು ಹನಿ ಬಿದ್ದರೆ ಒಂದು ಕುಂಡಕ್ಕೆ ದಿನಕ್ಕೆ ಅರ್ಧ ಲೀಟರ್ ಆಗುತ್ತದೆ. ಕೈಗಡಿಯಾರ ಹಿಡಿದು ಒಂದೊಂದು ಕುಂಡದ ಮುಂದೆಯೂ ಕುಕ್ಕರಗಾಲಿನಲ್ಲಿ ಕೂತು ಹನಿ ಎಣಿಸಿದೆ. ಕೊನೆಗೆ ಡ್ರಮ್ಮಿನ ಮುಚ್ಚಳದ ಮೇಲೆ 'ಯಾರೂ ಮುಟ್ಟಬಾರದು' ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಒಂದು ದಿನ ಪೂರ್ತಿ ಕಾದು ನೋಡಿ, ಎಲ್ಲವೂ ಸರಿಯಿದೆ ಎಂದು ಖಚಿತಪಡಿಸಿಕೊಂಡು, ಡ್ರಮ್ಮನ್ನು ಮತ್ತೆ ಕಂಠಮಟ್ಟ ತುಂಬಿಸಿ ಮೈಸೂರಿನ ಬಸ್ಸು ಹತ್ತಿದೆ.

ಹತ್ತು ದಿನ ಕಳೆದು ಬಂದು ನೋಡುತ್ತೇನೆ, ಬಿಸಿಲುಮಚ್ಚು ಹಸಿರೋ ಹಸಿರು. ಕನಕಾಂಬರ ಗೊಂಚಲು ಬಿಟ್ಟಿತ್ತು. ನಾನು ನೀರು ಹಾಕುತ್ತಿದ್ದಾಗ ಬಾಡಿದಂತಿದ್ದ ಪುದೀನ ಕುಂಡದಾಚೆ ಚೆಲ್ಲಿಕೊಂಡಿತ್ತು. ಡ್ರಮ್ಮಿನ ಮುಚ್ಚಳ ತೆಗೆದರೆ ಇನ್ನೂ ದೊಡ್ಡ ವಿಸ್ಮಯ: ನೀರು ನಾಲ್ಕು ಬೆರಳಷ್ಟೇ ಇಳಿದಿತ್ತು. ನನ್ನ ಲೆಕ್ಕದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿರಬೇಕಿತ್ತು.

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಆಗಿದ್ದರೆ ಏನೋ ಎಡವಟ್ಟಾಗಿದೆ ಎನ್ನುತ್ತಿದ್ದರು. ನಾನು ವಿಜ್ಞಾನದವನು, ಒಂದು ಸಿದ್ಧಾಂತ ಮಂಡಿಸಿದೆ. ಹನಿ ತಾನಾಗಿಯೇ ನಿಧಾನವಾಗಿದೆ. ನಿಧಾನವಾಗಿ ಸಿಕ್ಕಿದ್ದರಿಂದ ಗಿಡಗಳು ಒಂದು ಹನಿಯನ್ನೂ ಹಾಳುಮಾಡಿಲ್ಲ. ಆದ್ದರಿಂದ ಕುಂಡಕ್ಕೆ ದಿನಕ್ಕೆ ಅರ್ಧ ಲೋಟ ನೀರು ಬೇಕಾದಷ್ಟಾಯಿತು. ಮೆಟ್ಟಿಲ ಮೇಲೆ ನಿಂತು ಇದನ್ನು ಹೆಂಡತಿಗೆ ಫೋನಿನಲ್ಲಿ ವಿವರಿಸಿದೆ. ಶಾಲೆಯ ಮೇಷ್ಟ್ರುಗಳ ಮೊಬೈಲ್ ಗ್ರೂಪಿಗೆ ಹನ್ನೊಂದು ಫೋಟೋ ಹಾಕಿದೆ. ನಮ್ಮ ಶಾಲೆ ಇರುವುದು ತೆರಕಣಾಂಬಿ ಹತ್ತಿರ. ನಾನು ಈ ಕಡೆಯಿಂದ ಬಸ್ಸಿನಲ್ಲಿ ಹೋದರೆ, ಕನ್ನಡ ಮೇಷ್ಟ್ರು ಮಹದೇವಸ್ವಾಮಿ ಆ ಕಡೆ ಗುಂಡ್ಲುಪೇಟೆಯಿಂದ ಬರುತ್ತಾರೆ. ಫೋಟೋ ನೋಡಿ ಅವರೇ ಫೋನು ಮಾಡಿದರು.

"ಸಾ, ಮುಂದಿನ್ ತಿಂಗ್ಳು ತಿರುಪತಿ ಕಂಚಿ ಅಂತ ಎಂಟು ದಿನ ಓಯ್ತಾ ಇವ್ನಿ. ಅವ್ವನ್ನೂ ಕರ್ಕಂಡು. ಅವ್ವಂಗೆ ಅವ್ರ ದುಂಡುಮಲ್ಲಿಗೆ ಬುಟ್ಟು ಬರಕ್ಕೆ ಮನ್ಸೇ ಇಲ್ಲ. ನೀವು ಮಾಡಿರದ್ನ ನಮ್ಮನೆಗೂ ಮಾಡ್ಬೋದಾ?"

ಮಾಡಬಹುದೇ ಎಂದರೇನು? ಮೇ ತಿಂಗಳ ಒಂದು ಭಾನುವಾರ ಗುಂಡ್ಲುಪೇಟೆಗೆ ಹೋಗಿ ನಾನೇ ಕೂರಿಸಿಕೊಟ್ಟೆ. ಅವರದು ಹದಿನಾಲ್ಕು ಕುಂಡ. ಮಹದೇವಸ್ವಾಮಿ ದೊಡ್ಡ ಡ್ರಮ್ ತರುತ್ತೇನೆ ಎಂದರು. ನಾನು ಬೇಡ ಎಂದೆ. ನನ್ನ ಹೊಸ ಸಿದ್ಧಾಂತದ ಪ್ರಕಾರ ಹತ್ತು ಲೀಟರಿನ ಕ್ಯಾನ್ ಧಾರಾಳ, ನಿಮಿಷಕ್ಕೆ ಒಂದು ಹನಿ ಸಾಕು. ಅವರ ತಾಯಿ ಮಲ್ಲಿಗೆ ಕುಂಡದ ಪಕ್ಕ ನಿಂತು ಆ ಒಂದು ಹನಿಯನ್ನು ಬಹಳ ಹೊತ್ತು ನೋಡಿದರು. "ಇಷ್ಟೇಯಾ ಮೇಷ್ಟ್ರೇ?" ಎಂದರು. "ಇಷ್ಟೇ ಸಾಕಮ್ಮ," ಎಂದೆ.

ಅವರು ತೀರ್ಥಯಾತ್ರೆ ಮುಗಿಸಿ ಬಂದ ದಿನ ಮಧ್ಯಾಹ್ನ ಫೋನು ಬಂತು. ಹದಿನಾಲ್ಕರಲ್ಲಿ ಹನ್ನೊಂದು ಗಿಡ ಒಣಗಿ ಕಡ್ಡಿಯಾಗಿದ್ದವು. ಮಲ್ಲಿಗೆ ಆ ಹನ್ನೊಂದರಲ್ಲಿತ್ತು. "ಅವ್ವ ಊಟ ಮಾಡ್ನಿಲ್ಲ ಸಾ," ಎಂದರು ಮಹದೇವಸ್ವಾಮಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಇನ್ನಷ್ಟು ಕಸಿವಿಸಿಯಾಯಿತು. ಕಸಿವಿಸಿಯಾದಾಗ ನನ್ನ ಗಂಟಲು ಏರುತ್ತದೆ. ಮೆಟ್ಟಿಲ ಮೇಲೆ ನಿಂತು, ನೀವೇ ಚಕ್ರ ತಿರುಗಿಸಿರಬೇಕು, ಪೈಪಿನಲ್ಲಿ ಗಾಳಿ ಸೇರಿರಬೇಕು, ನಮ್ಮ ಮನೆಯಲ್ಲಿ ಹತ್ತು ದಿನ ಒಂದು ಎಲೆಯೂ ಬಾಡಲಿಲ್ಲ ಎಂದು ಪಾಠ ಶುರುಮಾಡಿದೆ. ಕೆಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ನಾನು ಫೋನು ಇಟ್ಟ ಮೇಲೆ ಆಪಾ ಹೊರಗೆ ಬಂದರು. ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು.

"ಸಾರ್, ಒಂದು ಮಾತು. ಬೇಜಾರು ಮಾಡ್ಕೋಬಾರ್ದು."

"ಹೇಳಿ ಆಪಾ."

"ನೀವು ಹೋದ ಮಾರನೇ ದಿನ ನಮ್ಮ ಬಾಗಿಲ ಮುಂದೆ ತಾರಸಿಯಿಂದ ನೀರು ಸುರೀತಿತ್ತು. ಮಳೆ ಇಲ್ಲ ಏನಿಲ್ಲ. ಹೋಗಿ ನೋಡಿದ್ರೆ ಕೋತಿ ಬಂದ್ಬಿಟ್ಟಿವೆ. ಪೈಪೆಲ್ಲ ಕಿತ್ತಾಕಿ, ಎರಡು ಕೋತಿ ಒಂದೊಂದು ಪೈಪು ಬಾಯಲ್ಲಿ ಇಟ್ಕೊಂಡು ಗೋಡೆಗೆ ಒರಗಿ ಕೂತಿದ್ವು. ಆಸ್ಪತ್ರೇಲಿ ಅಡ್ಮಿಟ್ ಆದೋರ ಥರ."

ನಾನು ಮೆಟ್ಟಿಲ ಮೇಲೆ ಕೂತೆ. ಆಪಾ ಕೋಲು ಹಿಡಿದು ಕೋತಿಗಳನ್ನು ಓಡಿಸಿದ್ದಾರೆ. ಪೈಪುಗಳನ್ನೆಲ್ಲ ಒಟ್ಟು ಮಾಡಿ ಡ್ರಮ್ಮಿಗಿಂತ ಎತ್ತರಕ್ಕೆ ಹಗ್ಗದಲ್ಲಿ ಕಟ್ಟಿ ನೀರು ನಿಲ್ಲಿಸಿದ್ದಾರೆ. ಅಂದಿನಿಂದ ಒಂಬತ್ತು ದಿನ, ಕೆಳಗಿನ ತೊಟ್ಟಿಯಿಂದ ನೀರು ಹೊತ್ತು ತಂದು ಇಪ್ಪತ್ತಾರು ಕುಂಡಕ್ಕೂ ಹಾಕಿದ್ದಾರೆ. ನಾನು ಬರುವ ದಿನ ಬೆಳಿಗ್ಗೆ ಪೈಪುಗಳನ್ನು ಮತ್ತೆ ಒಂದೊಂದಾಗಿ ಕುಂಡಗಳಿಗೆ ಸಿಕ್ಕಿಸಿದ್ದಾರೆ.

"ಡ್ರಮ್ಮಲ್ಲೇ ಅಷ್ಟು ನೀರಿತ್ತಲ್ಲ ಆಪಾ, ಅದನ್ನೇ ತೆಗೆದು ಹಾಕೋದಲ್ವಾ?"

"ಯಾರೂ ಮುಟ್ಟಬಾರದು ಅಂತ ನೀವೇ ಬರ್ದಿದ್ರಲ್ಲ ಸಾರ್."

"ಉಪವಾಸದಲ್ಲಿ ಮೆಟ್ಟಿಲು ಹತ್ತಿ..."

"ಸಂಜೆ ಐದರಿಂದ ಆರೂವರೆ ಇದ್ಯಲ್ಲ ಸಾರ್, ಅದು ಕಳಿಯೋದೇ ಕಷ್ಟ. ಗಂಟಲು ಒಣಗಿರುತ್ತೆ. ಗಿಡಕ್ಕೆ ನೀರು ಬೀಳೋ ಸದ್ದು ಕೇಳ್ತಿದ್ರೆ ನಾನೇ ಕುಡಿದಂಗಾಗ್ತಿತ್ತು. ಅದೇನು ಕಷ್ಟ ಆಗ್ಲಿಲ್ಲ. ನೀವು ಬಂದ ದಿನ ಹೇಳೋಣ ಅಂತಿದ್ದೆ. ಇಲ್ಲೇ ನಿಂತು ಅಮ್ಮಾವ್ರಿಗೆ ಅಷ್ಟು ಖುಷಿಯಾಗಿ ಹೇಳ್ತಿದ್ರಿ. ಹೇಗೆ ಹೇಳೋದು? ಈಗ ಪಾಪ ಆ ಮೇಷ್ಟ್ರ ಮೇಲೆ ತಪ್ಪು ಹಾಕ್ತಿದ್ರಿ, ತಡೀಲಿಲ್ಲ."

ಬಾಣಂತನ ಮುಗಿಸಿ ಬಂದಿದ್ದ ನಾಗರತ್ನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಒಳಗೆ ಹೋಗಿ ಆಪಾಗೆ ಕಾಫಿ ಮಾಡಿದಳು. ಲೋಟ ಒಂದೇ ಇತ್ತು.

ಮುಂದಿನ ಭಾನುವಾರ ಹೆಂಡತಿ ಕೊಟ್ಟ ದುಂಡುಮಲ್ಲಿಗೆಯ ಎರಡು ಸಸಿ ಚೀಲದಲ್ಲಿಟ್ಟುಕೊಂಡು ಗುಂಡ್ಲುಪೇಟೆಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಲ್ಲಿ ಜಗಲಿಯ ಮೇಲೆ ಒಣಗಿದ ಕುಂಡಗಳನ್ನು ಸಾಲಾಗಿ ಕಂಡ ಮೇಲೆ ಜೋಡಿಸಿಕೊಂಡದ್ದೆಲ್ಲ ಮರೆತು, ಕೋತಿಯಿಂದ ಹಿಡಿದು ಕೊನೆಯವರೆಗೂ ನಡೆದದ್ದನ್ನು ನಡೆದಂತೆ ಹೇಳಿದೆ. ತಪ್ಪು ನನ್ನದು, ಫೋನಿನಲ್ಲಿ ನಿಮ್ಮನ್ನು ಅಂದದ್ದೂ ತಪ್ಪು ಎಂದೆ.

ಮಹದೇವಸ್ವಾಮಿ ಬಹಳ ಹೊತ್ತು ನಕ್ಕರು. ಕೋತಿಯ ಭಾಗವನ್ನು ಎರಡು ಸಲ ಹೇಳಿಸಿಕೊಂಡರು. "ಬುಡಿ ಸಾ, ನಮ್ಮನೆ ಕೆಳ್ಗಡೆ ಆಪಾ ಇಲ್ವಲ್ಲ, ಗಿಡ ಎಲ್ಲಿಂದ ಉಳ್ಕಂಡದು?" ಎಂದರು. ಅವರ ತಾಯಿ ನಗಲಿಲ್ಲ. ಸಸಿಗಳನ್ನು ತೆಗೆದುಕೊಂಡು, ಬೇರಿನ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ, ನನ್ನ ಕಡೆ ತಿರುಗಿದರು.

"ಅಲ್ಲಾ ಮೇಷ್ಟ್ರೇ, ಊರಿಂದ ಬಂದೇಟ್ಗೇ ಕುಂಡಕ್ಕೆ ಬೆರ್ಳು ಇಟ್ಟು ನೋಡಿದ್ರೆ ಗೊತ್ತಾಗದು, ಯಾರೋ ನೀರು ಉಯ್ದವ್ರೆ ಅಂತ. ಹನಿ ಹನಿ ಬಿದ್ದಿರ ಮಣ್ಣೇ ಬ್ಯಾರೆ, ಬಕೇಟಲ್ಲಿ ಉಯ್ದಿರ ಮಣ್ಣೇ ಬ್ಯಾರೆ. ನೀವು ಮಣ್ಣ ಮುಟ್ಟೇ ನೋಡ್ನಿಲ್ವಾ?"

ನಾನು ಡ್ರಮ್ಮಿನ ನೀರು ಅಳೆದಿದ್ದೆ, ಹನಿ ಎಣಿಸಿದ್ದೆ, ಹನ್ನೊಂದು ಫೋಟೋ ತೆಗೆದಿದ್ದೆ. ಮಣ್ಣು ಮುಟ್ಟಿರಲಿಲ್ಲ. "ಇಲ್ಲಮ್ಮ," ಎಂದೆ. "ಇನ್ಮೇಲೆ ಮುಟ್ಟಿ ನೋಡಿ," ಎಂದು ಹೇಳಿ, ಎಲೆಯ ಮೇಲೆ ಊಟಕ್ಕೆ ಬಡಿಸಿದರು.

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆ ತಾಯಿ ಹೇಳಿದ್ದು ಅಕ್ಷರಶಃ ನಿಜ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡೆ. ಮಣ್ಣಿನ ತೇವ ತಿಳಿಯದೆ ನೀರಿನ ಲೆಕ್ಕ ಹಾಕುವುದು ಮೂರ್ಖತನ. ಬಸ್ಸು ತೆರಕಣಾಂಬಿ ದಾಟುವಷ್ಟರಲ್ಲಿ ಟಿಕೆಟಿನ ಹಿಂಬದಿಯಲ್ಲಿ ಒಂದು ಚಿತ್ರ ಬರೆದಾಗಿತ್ತು. ಎರಡು ಮೊಳೆ, ಒಂದು ಬ್ಯಾಟರಿ, ಒಂದು ಪುಟ್ಟ ದೀಪ. ಕುಂಡಕ್ಕೆ ಚುಚ್ಚಿದರೆ ಸಾಕು, ತೇವವಿದ್ದರೆ ದೀಪ ಹತ್ತುತ್ತದೆ. ಬೆರಳು ಇಡುವ ತಾಪತ್ರಯವೇ ಇರುವುದಿಲ್ಲ.