ಎಳ್ಳ ಅಮಾವಾಸ್ಯೆಯ ಭಜ್ಜಿ

"ನಂದಕಿಶೋರ್ ಅವರ ತೊಗರಿ ನೋಡೀರೇನ್ರಿ? ಆಳೆತ್ತರ ಬೆಳದಾವ!"

ಬೆಳಗಿನ ಚಹಾದ ಜೊತೆಗೇ ಹೆಂಡತಿ ವೃಂದಾ ಆಡಿದ ಈ ಮಾತು ವಿಜ್ಞಾನಿ ಸುಮಧ್ವನ ಹೊಟ್ಟೆಯೊಳಗೆ ಸಾಸಿವೆಯಂತೆ ಸಿಡಿಯಿತು.

ಚಿತ್ತಾಪುರದ ಹೊರಗಿನ ಸಂಶೋಧನಾ ಹೊಲದಲ್ಲಿ ಅವನೂ ಸಹೋದ್ಯೋಗಿ ನಂದಕಿಶೋರನೂ ಬರ ತಾಳುವ ತೊಗರಿ ತಳಿಗಳನ್ನು ಅಕ್ಕಪಕ್ಕದ ಪ್ಲಾಟುಗಳಲ್ಲಿ ಬೆಳೆಸುತ್ತಿದ್ದರು. 2002ರ ಆ ವರ್ಷ ಮಳೆ ಕೈಕೊಟ್ಟಿತ್ತು. ಸುಮಧ್ವನ ಗಿಡಗಳು ಗಿಡ್ಡ, ಮಂಕು. ನಂದಕಿಶೋರನವು ಎತ್ತರ, ಹಚ್ಚಹಸಿರು, ಗೊಂಚಲು ಗೊಂಚಲು ಕಾಯಿ. ಇವತ್ತು ಬೆಂಗಳೂರಿನ ಸಮಿತಿ ಬಂದು, ಕಾಳು ತೂಗಿ ನೋಡಿ, ಗೆದ್ದವನಿಗೆ ಯೋಜನೆಯ ಮುಖ್ಯಸ್ಥನ ಕುರ್ಚಿ ಕೊಡಲಿತ್ತು. ತನಗಿಂತ ಕಿರಿಯನ ಕೈಕೆಳಗೆ ದುಡಿಯುವುದೆ? ಸುಮಧ್ವನಿಗೆ ನಿದ್ದೆಯೇ ಹೋಗಿತ್ತು. ದಿನವಿಡೀ ಪಕ್ಕದ ಪ್ಲಾಟನ್ನೇ ದಿಟ್ಟಿಸುತ್ತ, ತನ್ನ ಗಿಡದ ಒಂದು ಕಾಯನ್ನೂ ಅವನು ಬಿಡಿಸಿ ನೋಡಿರಲಿಲ್ಲ.

ಅಂದು ಎಳ್ಳ ಅಮಾವಾಸ್ಯೆ ಬೇರೆ. ಊರಿಗೆ ಊರೇ ಹೊಲಕ್ಕೆ ಹೋಗಿ, ಹಸಿಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಪಲ್ಯ ಮಾಡಿ ಉಣ್ಣುವ ದಿನ. ಯಾರ ಹೊಲದ ಕಾಯಿ ಹರಿದರೂ ಅಂದು ಯಾರೂ ಕಳ್ಳತನ ಎನ್ನುವುದಿಲ್ಲ. ಬೆಂಗಳೂರಿನವರಿಗೆ ಇದೆಲ್ಲ ಏನು ಗೊತ್ತು! ಸುಮಧ್ವನಿಗೆ ಥಟ್ಟನೆ ಹೊಳೆಯಿತು.

"ವೃಂದಾ, ಓಣಿ ಹೆಣ್ಮಕ್ಕಳನ್ನ ಕರಕೊಂಡು ಆಫೀಸಿನ ಹೊಲಕ್ಕ ಬಾ. ಭಜ್ಜಿ ಅಲ್ಲೇ ಮಾಡ್ರಿ, ಸಾಹೇಬ್ರ ಊಟನೂ ಆಗ್ತದ. ಕಾಯಿ ನಂದಕಿಶೋರನ ಪ್ಲಾಟಿನಾಗ ಹರೀರಿ. ಒಂದೂ ಬಿಡಬ್ಯಾಡ್ರಿ."

"ಅವರು ಏನರ ಅಂದ್ರ?"

"ಹಬ್ಬದ ದಿನ ಯಾರೇನಂತಾರ?"

ತನ್ನ ಮೇಲೆ ಅನುಮಾನ ಬರಬಾರದೆಂದು, ಸಮಿತಿಯನ್ನು ಕರೆತರಲು ಹೊರಟ ನಂದಕಿಶೋರನ ಜೀಪನ್ನೇ ಹತ್ತಿ ವಾಡಿ ಸ್ಟೇಷನ್ನಿಗೆ ಹೋದ. ರೈಲು ತಡ. ಬೆಂಚಿನ ಮೇಲೆ ನಂದಕಿಶೋರ ಬಾಯಿಬಿಟ್ಟ: "ಸರ್, ನನ್ನವು ಬರೀ ನೋಡಲಿಕ್ಕ ಛಲೋ ಅವ. ನಿಮ್ಮ ತಳಿನೇ ಗೆಲ್ತದ ನೋಡ್ರಿ."

ಹಂಗಿಸುತ್ತಿದ್ದಾನೆ! ಸುಮಧ್ವ ಹಲ್ಲು ಕಡಿದ. ಅನುಭವಿಸು ಮಗನೆ, ಎಂದು ಒಳಗೊಳಗೇ ನಕ್ಕ.

ಹೊಲ ಮುಟ್ಟಿದಾಗ ನಗು ನಿಂತಿತು. ನಂದಕಿಶೋರನ ಪ್ಲಾಟು ಕಾಯಿ ತೂಗುತ್ತ ಹಾಗೇ ನಿಂತಿತ್ತು. ಸುಮಧ್ವನ ಪ್ಲಾಟಿಗೆ ಮಾತ್ರ ಆಡಿನ ಹಿಂಡು ನುಗ್ಗಿ ಹೋದಂತಿತ್ತು.

ಹೆಂಗಸರು ಬಿಡಲಿಲ್ಲ, ಸಮಿತಿಯವರನ್ನು ಮೊದಲು ಊಟಕ್ಕೇ ಕೂರಿಸಿದರು. ಸಜ್ಜೆರೊಟ್ಟಿಗೆ ಭಜ್ಜಿ ಹಚ್ಚಿಕೊಂಡು ಬಾಯಿಗಿಟ್ಟ ಅಧ್ಯಕ್ಷರು ಕಣ್ಣರಳಿಸಿದರು. "ಇಂಥಾ ಒಣ ವರ್ಷದಲ್ಲಿ ಇಷ್ಟು ತುಂಬಿದ ಕಾಳಾ? ಯಾವ ತಳಿ ಇದು?"

"ನಮ್ಮನಿಯವರದ್ರಿ!" ಎಂದಳು ವೃಂದಾ, ಹೆಮ್ಮೆಯಿಂದ. "ನಂದಕಿಶೋರ್ ಅವರ ಪ್ಲಾಟಿನಾಗ ಹರೀರಿ ಅಂದಿದ್ರು. ನಾಕು ಕಾಯಿ ಬಿಡಿಸಿ ನೋಡಿದ್ವಿ, ಬರೀ ಜೊಳ್ಳು. ಇವರ ಕಾಯಿ ನೋಡಿದ್ರ ಒಂದೊಂದೂ ಗಟ್ಟಿ! ಒಂದೂ ಬಿಡಬ್ಯಾಡ್ರಿ ಅಂದಿದ್ರಲ್ಲ, ಬಿಡಲಿಲ್ಲ."

ಎಲ್ಲರೂ ಸುಮಧ್ವನತ್ತ ತಿರುಗಿದರು. ನಂದಕಿಶೋರ ಮಾತ್ರ ರೊಟ್ಟಿಯತ್ತ ನೋಡಿದ.

ಅಧ್ಯಕ್ಷರು ಕೈ ತೊಳೆದರು. "ಒಳ್ಳೇ ತಳಿ ಕಣ್ರೀ. ಆದ್ರೆ ಹೊಲದಲ್ಲಿ ತೂಗೋಕೆ ಕಾಳೇ ಇಲ್ವಲ್ಲ, ನಾನೇನು ಬರೀಲಿ? ಸದ್ಯಕ್ಕೆ ನಂದಕಿಶೋರ್ ಮುಖ್ಯಸ್ಥರಾಗಿರಲಿ. ಜೊಳ್ಳೋ ಗಟ್ಟಿಯೋ, ಅವರ ಬೆಳೆ ಹೊಲದಲ್ಲಾದ್ರೂ ಇದೆ."

ಜೀಪು ಹೋದ ಮೇಲೆ ವೃಂದಾ ಗಂಡನ ಪಕ್ಕ ಕುಳಿತಳು. "ಖರೇ ಹೇಳ್ತೀನ್ರಿ, ನಂದಕಿಶೋರ್ ಅವರಕಿಂತ ನಿಮ್ಮ ತೊಗರಿನೇ ಭಾಳ ಛಲೋ."

ಈ ಒಂದು ಮಾತಿಗಾಗಿ ಸುಮಧ್ವ ವರ್ಷಗಟ್ಟಲೆ ಕಾದಿದ್ದ. ತಟ್ಟೆ ಮುಂದೆ ಹಿಡಿದು, ಸೋತ ದನಿಯಲ್ಲಿ ಅಂದ: "ನನಗೂ ಒಂದೀಟು ಹಾಕು, ರುಚಿಯರ ನೋಡ್ತೀನಿ."

ವೃಂದಾ ಪಾತ್ರೆ ಬೋರಲು ಮಾಡಿ ತೋರಿಸಿದಳು. "ಎಲ್ಲಿ ಉಳದದ್ರಿ? ನಂದಕಿಶೋರ್ ಅವರು ಮೂರು ಸಲ ಹಾಕಿಸ್ಕೊಂಡ್ರು."