ದವಡೆ ಹಲ್ಲು ಮತ್ತು ಸಕ್ಕರೆ ಶಾಸ್ತ್ರ

ಆ ದಿನದ ಫಜೀತಿಗೆಲ್ಲ ಮೂಲ ಒಂದು ಚಿಟಿಕೆ ಸಕ್ಕರೆ.

ಆದವಾನಿಯ ಹತ್ತಿ ವ್ಯಾಪಾರಿ ಭೀಮಲಿಂಗಪ್ಪನವರು ಸ್ನಾನ, ಲಿಂಗಪೂಜೆ ಮುಗಿಸಿ ಅಡುಗೆಮನೆಯ ಬಾಗಿಲಲ್ಲಿ ಕುಳಿತಿದ್ದರು. ಸಂಜೆ ಮಗಳು ವೀರಬಸಮ್ಮನ ಸಕ್ಕರೆ ಶಾಸ್ತ್ರ. ದೇವನಕೊಂಡದಿಂದ ಬೀಗರು ಬರುವವರಿದ್ದರು. ಹತ್ತು ಜನರ ಎದುರಿಗೆ ಹುಡುಗನ ಅಪ್ಪ, ಹುಡುಗಿಯ ಅಪ್ಪ ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿದರೆ ಸಂಬಂಧ ಗಟ್ಟಿಯಾದಂತೆ. ಆಮೇಲೆ ಯಾರೂ ಹಿಂದೆ ಸರಿಯುವ ಹಾಗಿಲ್ಲ. ಪೇಟೆಯಿಂದ ತಂದ ಸಕ್ಕರೆ ಹೇಗಿದೆ ನೋಡಿ ಎಂದು ಹೆಂಡತಿ ಗುರುಶಾಂತಮ್ಮ ಒಂದು ಚಿಟಿಕೆ ಕೊಟ್ಟರು. ಅದು ನೇರವಾಗಿ ಬಲದವಡೆಯ ಹುಳುಕು ಹಲ್ಲಿಗೆ ಹೋಗಿ ಕುಳಿತಿತು. ಭೀಮಲಿಂಗಪ್ಪನವರ ಒಂದು ಕಣ್ಣು ಮುಚ್ಚಿತು, ಇನ್ನೊಂದು ತೆರೆದೇ ಉಳಿಯಿತು, ಬಾಯಿ ಕಿವಿಯ ಕಡೆಗೆ ಹೊರಟಿತು.

ಆ ಹೊತ್ತಿಗೇ ಎದುರುಮನೆಯ ಬಸಲಿಂಗಮ್ಮ ಮಜ್ಜಿಗೆ ಕೇಳಲು ಒಳಗೆ ಬಂದರು. ಓಣಿಯಲ್ಲಿ ಯಾರ ಮನೆಯಲ್ಲಿ ಏನೇ ನಡೆದರೂ ಬಸಲಿಂಗಮ್ಮನವರಿಗೆ ಅವತ್ತು ಮಜ್ಜಿಗೆ ಬೇಕಾಗುತ್ತಿತ್ತು.

“ಏನಪಾ ಭೀಮಲಿಂಗ, ಸಂಜಿಗೆ ಬೀಗರ ಮುಂದೂ ಹಿಂಗ ಮಾರಿ ಮಾಡ್ತಿಯೇನು?”

“ಹಲ್ಲು ಚಿಗವ್ವಾ. ಎರಡು ತಿಂಗಳಾತು ಕಾಡಾಕ ಹತ್ತಿ.”

“ಹಲ್ಲು ಅಂತ ನಿನಗ ಗೊತ್ತು. ಅವರಿಗೇನು ಗೊತ್ತು? ಆಲೂರಾಗ ನಮ್ಮ ತಂಗಿ ಮೊಮ್ಮಗಳ ಶಾಸ್ತ್ರದಾಗ ಹುಡುಗಿ ಅಪ್ಪ ಸಕ್ಕರಿ ಬಾಯಿಗೆ ಬಿದ್ದ ಕೂಡ್ಲೆ ಮಾರಿ ಕಿವುಚಿದ. ಇವಗ ಸಂಬಂಧ ಮನಸಿಗೆ ಬಂದಿಲ್ಲ ಅಂತ ಬೀಗರು ಎದ್ದು ಹ್ವಾದ್ರು. ಆ ಕೂಸು ಮುಂದ ಮೂರು ವರ್ಷ ಮನ್ಯಾಗ ಕುಂತಿತು.”

“ಅವಗೂ ಹಲ್ಲು ಬ್ಯಾನಿ ಇತ್ತೇನು?”

“ಇಲ್ಲ. ಸಕ್ಕರ್ಯಾಗ ಇರುವಿ ಇತ್ತು.”

ವೀರಬಸಮ್ಮನಿಗೆ ಈಗಾಗಲೇ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಈ ಹುಡುಗ ನೋಡಿಹೋದ ದಿನ ಅವಳು ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ತಾನೇ ನಕ್ಕಿದ್ದಳು. ಅದನ್ನು ಅಪ್ಪ ಬಾಗಿಲ ಮರೆಯಿಂದ ನೋಡಿದ್ದರು. ಸಂಜೆಯೊಳಗೆ ಹಲ್ಲಿಗೆ ಒಂದು ಗತಿ ಕಾಣಿಸಲೇಬೇಕಾಗಿತ್ತು.

ಹಲ್ಲಿನ ಡಾಕ್ಟರು ದೂರವಿರಲಿಲ್ಲ, ಅದೇ ಕಷ್ಟ. ಮದರಾಸಿನಲ್ಲಿ ಕೆಲಸ ಕಲಿತು ಬಂದ ಆಂಜನೇಯುಲು ಎಂಬವರಿಗೆ ತಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟವರು ಭೀಮಲಿಂಗಪ್ಪನವರೇ. ಆ ಕೋಣೆಗೂ ಇವರ ಪಡಸಾಲೆಗೂ ನಡುವೆ ಒಂದೇ ಗೋಡೆ. ಡಾಕ್ಟರು ಬಂದ ಹೊಸದರಲ್ಲಿ ಗೋಡೆಯ ಆ ಕಡೆಯಿಂದ ಕೇಳಿಬಂದ ಕೂಗುಗಳಿಗೆ ಅಂಜಿ ಅವರು ತಮ್ಮ ಊಟವನ್ನು ಹಿತ್ತಲಿಗೆ ಬದಲಾಯಿಸಿಕೊಂಡಿದ್ದರು. ಹತ್ತಿ ಪೇಟೆಯಲ್ಲಿ ಮಾತ್ರ “ನಮ್ಮ ಡಾಕ್ಟರ ಕೈ ಹೂವಿದ್ದಂಗ” ಎಂದು ಕಂಡಕಂಡವರನ್ನೆಲ್ಲ ಕಳಿಸಿಕೊಡುತ್ತಿದ್ದರು. ತಾವು ಬಾಡಿಗೆ ಕೇಳುವುದಕ್ಕೂ ಒಳಗೆ ಕಾಲಿಟ್ಟವರಲ್ಲ. ಹೊರಗೆ ನಿಂತು ಕೆಮ್ಮುತ್ತಿದ್ದರು.

ಆದ್ದರಿಂದ ಮೊದಲು ಮನೆಮದ್ದು ನಡೆಯಿತು. ಗುರುಶಾಂತಮ್ಮ ಲವಂಗ ಇಟ್ಟರು, ಏನೂ ಆಗಲಿಲ್ಲ. ಬಸಲಿಂಗಮ್ಮ ತಮ್ಮ ಸೊಂಟದ ಚೀಲದಿಂದ ತಂಬಾಕು ತೆಗೆದು, ಸುಣ್ಣ ಹಚ್ಚಿ ತಿಕ್ಕಿ, ಹಲ್ಲಿನ ಸಂದಿಗೆ ತುರುಕಿದರು. ಜನ್ಮದಲ್ಲಿ ತಂಬಾಕು ಮುಟ್ಟದ ಭೀಮಲಿಂಗಪ್ಪನವರು ಒಂದು ಗಂಟೆ ಹೊತ್ತು ಕಂಬ ಹಿಡಿದುಕೊಂಡು ಕುಳಿತರು. ಅವರ ಲೆಕ್ಕದಲ್ಲಿ ಮನೆ ಆಗ ತಿರುಗುತ್ತಿತ್ತು.

ಅಷ್ಟರಲ್ಲಿ ಸಂಬಂಧ ಕುದುರಿಸಿದ ಮಠದ ಚನ್ನಬಸಯ್ಯನವರು ಸಂಜೆಯ ತಯಾರಿ ನೋಡಲು ಬಂದರು. ವಿಷಯ ತಿಳಿದು ಅವರು ಗಾಬರಿಯಾಗಲಿಲ್ಲ.

“ಇಷ್ಟಕ್ಕ್ಯಾಕ ಡಾಕ್ಟರು? ಒಂದು ಗಟ್ಟಿ ದಾರ ಕೊಡ್ರಿ. ನಮ್ಮಜ್ಜಾರು ಹಿಂಗ ಎಷ್ಟು ಹಲ್ಲು ಕಿತ್ತಾರ.”

ದಾರದ ಒಂದು ತುದಿಯನ್ನು ಹಲ್ಲಿಗೂ ಇನ್ನೊಂದನ್ನು ಹಿತ್ತಲ ಬಾಗಿಲ ಚಿಲಕಕ್ಕೂ ಕಟ್ಟಿ ಅಯ್ಯನವರು ಬಾಗಿಲನ್ನು ಬಲವಾಗಿ ನೂಕಿದರು. ಬಾಗಿಲು ಹೋಯಿತು. ಭೀಮಲಿಂಗಪ್ಪನವರೂ ಅದರ ಸಂಗಡ ಹೋದರು. ನಾಲ್ಕು ಸಲ ನೂಕಿದರೂ ಅವರು ಬಾಗಿಲಿಗಿಂತ ಒಂದು ಗೇಣು ಹಿಂದೆ ಬೀಳಲಿಲ್ಲ. ಐದನೆಯ ಸಲ ಬಾಗಿಲು ಹಣೆಗೆ ಬಡಿದು ಬೋರೆಹಣ್ಣಿನಷ್ಟು ಬುಗುಟೆ ಎದ್ದಿತು, ದಾರ ಹರಿಯಿತು. ಹಲ್ಲು ಇದ್ದಲ್ಲೇ ಇತ್ತು.

“ನಿಮ್ಮ ಅಜ್ಜಾರು ಕಿತ್ತಿದ್ದು ಯಾರ ಹಲ್ಲು?” ಎಂದು ಬಸಲಿಂಗಮ್ಮ ಕೇಳಿದರು.

“ತಮ್ಮವೇ. ಮುಪ್ಪಿನಾಗ.”

ಆಗ ಗೋಡೆಯ ಆಚೆಯಿಂದ ಗ್ರಾಮಫೋನಿನ ಹಾಡು ಕೇಳಿಸಿತು. ಹದಿನೈದು ದಿನದಿಂದ ಡಾಕ್ಟರ ಕೋಣೆಯಿಂದ ಕೂಗು ಬರುವುದು ನಿಂತು ಹಾಡು ಬರುತ್ತಿತ್ತು. ಚನ್ನಬಸಯ್ಯನವರು ಭೀಮಲಿಂಗಪ್ಪನವರನ್ನು ಮುಂಬಾಗಿಲ ಕಟ್ಟೆಗೆ ಕರೆತಂದು ಕೂರಿಸಿ, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು.

“ನೋಡ್ರಿ ಭೀಮಲಿಂಗಪ್ಪ, ನಾ ಬಂದ ಮ್ಯಾಲೆ ಮೂವರು ಒಳಗ ಹ್ವಾದ್ರು. ಮೂವರೂ ಹಲ್ಲು ಕೀಳಿಸಿಕೊಂಡು ಹೊರಗ ಬಂದ್ರು. ಒಬ್ಬರದರೆ ದನಿ ಕೇಳಿಸ್ತೇನು? ಮದರಾಸಿಂದ ಏನೋ ಹೊಸಾ ಮದ್ದು ತರಿಸ್ಯಾರ.”

“ಹೊರಗ ಬಂದವರ ಕಣ್ಣಾಗ ನೀರು ಇದ್ವಲ್ರಿ ಅಯ್ನೋರ.”

“ಭಕ್ತಿ ಹಾಡು ಅದು. ನೀರು ಬರತಾವ.”

ಭೀಮಲಿಂಗಪ್ಪನವರಿಗೂ ಅದು ಸರಿಯೆನಿಸಿತು. ಎದ್ದು ಹೊರಟರು. ತಮ್ಮ ಹೊಸ್ತಿಲಿನಿಂದ ಡಾಕ್ಟರ ಹೊಸ್ತಿಲಿಗೆ ಹತ್ತು ಹೆಜ್ಜೆ. ಏಳನೆಯ ಹೆಜ್ಜೆಗೆ ಅವರಿಗೆ ಪೇಟೆಯಲ್ಲಿ ಬಹಳ ಜರೂರಿನ ಕೆಲಸವೊಂದು ನೆನಪಾಯಿತು. ಹಿಂದೆ ಬರುತ್ತಿದ್ದ ಬಸಲಿಂಗಮ್ಮ ರಟ್ಟೆ ಹಿಡಿದು ಉಳಿದ ಮೂರು ಹೆಜ್ಜೆ ನಡೆಸಿ ಒಳಗೆ ಬಿಟ್ಟು, ಬಾಗಿಲನ್ನೂ ಎಳೆದುಕೊಂಡರು.

“ಬರ್ರಿ ಸಾವಕಾರ್ರೆ. ಅಸಲು ನೊಪ್ಪೇ ಉಂಡದು, ನೋವೇ ಇರಂಗಿಲ್ಲ,” ಎಂದು ಡಾಕ್ಟರು ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಧೈರ್ಯ ಹೇಳುತ್ತ ಕುರ್ಚಿಗೆ ಕೂರಿಸಿದರು. ಕಾಂಪೌಂಡರ್ ಮೌಲಾಲಿ ಹಿಂದಿನಿಂದ ತಲೆ ಹಿಡಿದುಕೊಂಡ. ಅವನು ಮೊದಲು ಹತ್ತಿ ಪ್ರೆಸ್ಸಿನಲ್ಲಿ ಹತ್ತಿಯನ್ನು ಅದುಮಿ ಬೇಲು ಬಿಗಿಯುತ್ತಿದ್ದವನು.

“ಹೊಸಾ ಮದ್ದು ಬಂದೈತಂತಲ್ರಿ,” ಎಂದರು ಭೀಮಲಿಂಗಪ್ಪನವರು.

“ಇದ್ದ ಮದ್ದು ತೀರಿ ತಿಂಗಳಾತು. ಮದರಾಸಿಗೆ ಕಾಗದ ಬರ್ದೀನಿ.”

“ಮತ್ತ ಜನ ಕೂಗೋದು ಹೆಂಗ ನಿಂತಿತು?”

ಡಾಕ್ಟರು ಮೌಲಾಲಿಯ ಕಡೆಗೆ ನೋಡಿದರು. ಮೌಲಾಲಿ ಒಂದು ಕೈ ಬಿಡಿಸಿಕೊಂಡು ಗ್ರಾಮಫೋನಿಗೆ ಕೀಲಿ ಕೊಟ್ಟು ಪ್ಲೇಟಿನ ಮೇಲೆ ಸೂಜಿ ಇಟ್ಟ.

“ಕೂಗೋದು ನಿಂತಿಲ್ಲ,” ಎಂದರು ಡಾಕ್ಟರು ಇಕ್ಕಳ ಒರೆಸುತ್ತ. “ಹೊರಗ ಕೇಳಿಸೋದು ನಿಂತೈತಿ.”

ಭೀಮಲಿಂಗಪ್ಪನವರು ಏಳಲು ನೋಡಿದರು. ಮೌಲಾಲಿಯ ಕೈಯಿಂದ ಎದ್ದ ಬೇಲು ಇರಲಿಲ್ಲ.

ಪ್ಲೇಟಿನ ಒಂದು ಮಗ್ಗುಲು ಮೂರು ನಿಮಿಷ ಹಾಡುತ್ತಿತ್ತು. ಆದವಾನಿಯ ಸಾಧಾರಣ ಹಲ್ಲುಗಳಿಗೆ ಅಷ್ಟು ಸಾಕಾಗಿತ್ತು. ಭೀಮಲಿಂಗಪ್ಪನವರ ಹಲ್ಲು ಮಾತ್ರ ನಲವತ್ತೈದು ವರ್ಷ ಜೋಳದ ರೊಟ್ಟಿ ತಿಂದು ಗಟ್ಟಿಯಾದದ್ದು. ಹಾಡು ಮುಗಿದು ಸೂಜಿ ಬರಿದೇ ಗರಗರ ತಿರುಗುತ್ತಿದ್ದಾಗ ಅದು ನಟ್ಟನಡುವೆ ಮುರಿಯಿತು. ಆಗ ಅವರು ಕೂಗಿದ ಕೂಗಿಗೆ ಓಣಿಯ ತುದಿಯಲ್ಲಿ ಮಲಗಿದ್ದ ಎತ್ತುಗಳು ಎದ್ದು ನಿಂತವು.

ಗೋಡೆಯ ಈ ಕಡೆ, ಪಡಸಾಲೆಯ ಜಮಖಾನೆಯ ಮೇಲೆ, ಬೀಗರು ಆಗತಾನೆ ಬಂದು ಕುಳಿತಿದ್ದರು. ರಾಹುಕಾಲಕ್ಕೆ ಮೊದಲೇ ಊರು ಬಿಟ್ಟಿದ್ದರಿಂದ ಸಂಜೆಗೆ ಬರಬೇಕಾದವರು ಮೂರು ಗಂಟೆಗೇ ಬಂದುಬಿಟ್ಟಿದ್ದರು. ಹುಡುಗನ ಅಪ್ಪ ಕೊಟ್ರಬಸಪ್ಪನವರು ನೀರಿನ ತಂಬಿಗೆಯನ್ನು ಬಾಯಿಯ ಹತ್ತಿರವೇ ಹಿಡಿದು ಕೇಳಿದರು:

“ಏನದು ತಂಗಿ?”

ಗುರುಶಾಂತಮ್ಮನವರಿಗೆ ಆ ದನಿ ಯಾರದೆಂದು ಚೆನ್ನಾಗಿ ಗೊತ್ತಿತ್ತು. ಶುಭಕಾರ್ಯದ ದಿನ ಮನೆಯ ಯಜಮಾನ ಹೀಗೆ ಅರಚಿದ ಎಂದು ಯಾವ ಬಾಯಿಂದ ಹೇಳುವುದು?

“ಅದೂ ಪ್ಲೇಟೇ ರೀ ಅಣ್ಣಾರ. ಹಾಡು ಮುಗಿದ ಮ್ಯಾಲೆ ನಾಟಕದ್ದು ಒಂದೀಟು ಬರತೈತಿ. ರಾಕ್ಷಸ ಸಾಯೋದು.”

ಕೊಟ್ರಬಸಪ್ಪನವರು ತಂಬಿಗೆ ಕೆಳಗಿಟ್ಟರು. ಅವರ ಕಣ್ಣು ಅರಳಿದ್ದವು.

“ನಾ ಹದಿನೆಂಟು ವರ್ಷ ನಮ್ಮೂರ ಬಯಲಾಟದಾಗ ರಾಕ್ಷಸನ ವೇಷ ಹಾಕೀನಿ ತಂಗಿ. ಹದಿನೆಂಟು ವರ್ಷ ಸತ್ತೀನಿ. ಒಂದು ದಿನಾನೂ ಇಂಥಾ ಕೂಗು ನನ್ನ ಹೊಟ್ಟ್ಯಾಗಿಂದ ಬರಲಿಲ್ಲ. ಬೀಗರೆಲ್ಲಿ?”

“ನಿಮ್ಮ ಸಲುವಾಗಿ ಅದನ್ನ ಹಾಕಸಾಕ ಅವರೇ ಆ ಕಡಿಗೆ ಹೋಗ್ಯಾರ್ರಿ,” ಎಂದುಬಿಟ್ಟರು ಗುರುಶಾಂತಮ್ಮ. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು ತಾನಾಗಿಯೇ ಬಂದಿತ್ತು.

“ಹಂಗಾರ ಇನ್ನೊಮ್ಮೆ ಹಾಕಸ್ರಿ. ಅದನ್ನ ಕೇಳಿದ ಮ್ಯಾಲೆ ಸಕ್ಕರಿ.”

ಅಷ್ಟರಲ್ಲಿ ಭೀಮಲಿಂಗಪ್ಪನವರು, “ಬೇರು ಒಳಗೇ ಐತಿ, ಕೂಡ್ರಿ” ಎನ್ನುತ್ತಿದ್ದ ಡಾಕ್ಟರ ಕೈ ತಪ್ಪಿಸಿಕೊಂಡು, ಬಾಯಿಗೆ ಹತ್ತಿ ಒತ್ತಿಕೊಂಡು, ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಬಂದಿದ್ದರು. ಒಳಗೆ ಎಳೆದುಕೊಂಡ ಉಸಿರು ತಾಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಹೆಂಡತಿಯೂ ಚನ್ನಬಸಯ್ಯನವರೂ ಬಂದು ಪಿಸುಮಾತಿನಲ್ಲಿ ನಡೆದದ್ದನ್ನೆಲ್ಲ ಹೇಳಿದರು.

“ಪ್ಲೇಟು ಒಡೀತು ಅನ್ರಿ,” ಎಂದರು ಭೀಮಲಿಂಗಪ್ಪನವರು ಹತ್ತಿಯ ಸಂದಿಯಿಂದ.

“ಶುಭಕಾರ್ಯದ ದಿನ ಒಡೀತು ಅನ್ನಬಾರದು,” ಎಂದರು ಅಯ್ಯನವರು.

“ಖರೇ ಹೇಳಿಬಿಡ್ರಿ ಹಂಗಾರ.”

“ಹುಡುಗಿ ತಾಯಿ ಶಾಸ್ತ್ರಕ್ಕ ಮೊದಲೇ ಎರಡು ಸುಳ್ಳು ಹೇಳ್ಯಾಳ ಅಂತ ಹೇಳೋದೇನು?”

ಗುರುಶಾಂತಮ್ಮ ಮೆಲ್ಲಗೆ ಕೇಳಿದರು:

“ಬೇರು ಇನ್ನಾ ಒಳಗ ಐತಂತೇನ್ರಿ?”

“ಐತಂತ.”

“ಹೆಂಗೂ ಅದು ಇದ್ರ ನಿಮಗ ಸಕ್ಕರಿ ತಿನ್ನಾಕ ಆಗಂಗಿಲ್ಲ. ಒಮ್ಮೆ ಹೋಗಿ ಬಂದುಬಿಡ್ರಿ.”

ಒಲೆಯ ಪಕ್ಕದ ಮಣೆಯ ಮೇಲೆ ವೀರಬಸಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕುಳಿತಿದ್ದಳು. ಅಪ್ಪನ ಹಣೆಯ ಬುಗುಟೆ, ಊದಿದ ಕೆನ್ನೆ ನೋಡಿ ಅವಳು ಎದ್ದು ನಿಂತಳು.

“ಬ್ಯಾಡಪಾ. ಹ್ವಾದ್ರ ಹೋಗ್ಲಿ ಬಿಡು ಸಂಬಂಧ.”

ಹಾಗೆ ಹೇಳುವಾಗ ಅವಳು ಅಪ್ಪನ ಮುಖ ನೋಡಲಿಲ್ಲ. ಮಗಳ ತಲೆಯ ಮೇಲೊಮ್ಮೆ ಕೈಯಿಟ್ಟು ಭೀಮಲಿಂಗಪ್ಪನವರು ಹಿತ್ತಲಿನಿಂದ ಹೊರಬಿದ್ದರು. ಈ ಸಲ ಯಾರೂ ಅವರ ರಟ್ಟೆ ಹಿಡಿಯಲಿಲ್ಲ. ಪೇಟೆಯ ಯಾವ ಕೆಲಸವೂ ನೆನಪಾಗಲಿಲ್ಲ. ತಾವಾಗಿಯೇ ಬಾಗಿಲು ನೂಕಿ, ತಾವಾಗಿಯೇ ಕುರ್ಚಿಯ ಮೇಲೆ ಕುಳಿತು, ಹತ್ತಿ ತೆಗೆದು ಬಾಯಿ ತೆರೆದರು. ಮೌಲಾಲಿ ತಲೆ ಹಿಡಿಯಲು ಬಂದರೆ ಬೇಡವೆಂದು ಕೈ ಮಾಡಿದರು.

“ಹಾಡಿನ ಕಡೀಕ ಸೂಜಿ ಇಡು,” ಎಂದರು. “ಮುಗಿದ ಮ್ಯಾಲೆ ನಿಂದ್ರಸು.”

ಹಾಡಿನ ಕೊನೆಯ ಸಾಲು ಬಂತು. ಡಾಕ್ಟರು ಇಕ್ಕಳ ಹಾಕಿದರು. ಹಾಡು ಮುಗಿಯಿತು, ಬೇರು ಸಡಿಲಾದ ಸೇಂಗಾ ಬೀಜದಂತೆ ಸುಮ್ಮನೆ ಈಚೆಗೆ ಬಂತು.

“ಅಯಿಪೋಯಿಂದಿ, ಮುಗದೇ ಹೋತು,” ಎಂದು ಡಾಕ್ಟರು ಬೇರನ್ನು ಬೆಳಕಿಗೆ ಹಿಡಿದು ತೋರಿಸಿದರು. ಅವರಿಗೂ ನಂಬಿಕೆಯಾಗಿರಲಿಲ್ಲ.

ಭೀಮಲಿಂಗಪ್ಪನವರು ನಾಲಿಗೆಯಿಂದ ಮುಟ್ಟಿ ನೋಡಿಕೊಂಡರು. ನೋವಿರಲಿಲ್ಲ. ಇಷ್ಟಕ್ಕೇ ಎರಡು ತಿಂಗಳು ಅಂಜಿದೆನಲ್ಲ ಎಂದು ನಾಚಿಕೆಯಾಯಿತು. ಮನಸ್ಸು ಹಗುರಾಯಿತು. ಆಗ ಗೋಡೆಯ ಆ ಕಡೆ ಒಂದು ಕೆಮ್ಮೂ ಇಲ್ಲದಷ್ಟು ಸದ್ದಡಗಿರುವುದು ಅವರಿಗೆ ಕೇಳಿಸಿತು. ಬೀಗರು ಕಿವಿ ನಿಮಿರಿಸಿ ಕಾಯುತ್ತಿದ್ದರು.

ಅವಸರದಿಂದ ಅವರು ಕೂಗಿದರು. ಭಯವೂ ನೋವೂ ಇಲ್ಲದ ಬಾಯಿಂದ ಬಂದದ್ದು ಆಡಿನ ಮರಿಯ ದನಿ. ಇನ್ನೊಮ್ಮೆ ಕೂಗಿದರು, ಅದು ಕೆಮ್ಮಾಯಿತು. ಮೌಲಾಲಿ ತಾನೂ ಒಂದು ಕೈ ನೋಡೋಣವೆಂದು ಅರಚಿದ. ಅದು ಬೇಲು ಎತ್ತುವವರ ಕೂಗಾಯಿತು.

“ಇದಲ್ಲ ತಂಗಿ,” ಎಂದು ಗೋಡೆಯ ಆಚೆಯಿಂದ ಕೊಟ್ರಬಸಪ್ಪನವರ ದನಿ ಸ್ಪಷ್ಟವಾಗಿ ಕೇಳಿಸಿತು. “ಇದು ಬ್ಯಾರೆ ಪ್ಲೇಟು. ನಾ ಕೇಳಿದ್ದು ಮೊದಲಿಂದು. ಹೊತ್ತಾದ್ರೂ ಅಡ್ಡಿಯಿಲ್ಲ, ಕಾಯ್ತೀವಿ.”

ಭೀಮಲಿಂಗಪ್ಪನವರು ಡಾಕ್ಟರ ಮುಖ ನೋಡಿದರು. ಡಾಕ್ಟರು ಇಕ್ಕಳ ನೋಡಿದರು. ಆಮೇಲೆ ಭೀಮಲಿಂಗಪ್ಪನವರು ಮತ್ತೆ ಕುರ್ಚಿಗೆ ಒರಗಿ, ಖಾಲಿಯಾದ ಜಾಗದ ಪಕ್ಕಕ್ಕೆ ಬೆರಳಿಟ್ಟು ತೋರಿಸಿದರು.

ಡಾಕ್ಟರು ಬಗ್ಗಿ ನೋಡಿದರು, ಬೆರಳಿನಿಂದ ಅಲುಗಿಸಿ ನೋಡಿದರು.

“ಇದಕ್ಕ ಏನೂ ಆಗಿಲ್ಲ ಸಾವಕಾರ್ರೆ. ಕಲ್ಲು ಇದ್ದಂಗ ಗಟ್ಟಿ ಐತಿ.”

“ಗಟ್ಟೀದೇ ಬೇಕು,” ಎಂದು ಭೀಮಲಿಂಗಪ್ಪನವರು ಬಾಯಿ ತೆರೆದರು.